ಕೆಜಿಎಫ್ ಸ್ಲೈಡುಗಳಿಗೆ ಅಂಟಿದ ಧೂಳು, ಕೆಲವು ಮಾತುಗಳು

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಶಾಫ್ಟುಗಳ ಮೇಲೆ ಚಕ್ರ ತಿರುಗುತ್ತಿದ್ದ ಕಾಲದ, ಅಥವಾ ಬಂಗಾರಪೇಟೆಯಿಂದ ಕೋಲಾರಕ್ಕೆ ನ್ಯಾರೋಗೇಜ್ ರೈಲು ಓಡುತ್ತಿದ್ದ ದಿನಗಳ ಬಣ್ಣದ ಸ್ಲೈಡುಗಳು ನಿಮ್ಮ ಬೀರುವಿನಲ್ಲಿದ್ದರೆ ಅವನ್ನು ಮನೆಯಲ್ಲೇ ಡಿಜಿಟಲ್ ಮಾಡಿಕೊಳ್ಳಬಹುದು. ಅದಕ್ಕೆ ದುಬಾರಿ ಸ್ಕ್ಯಾನರೇ ಬೇಕೆಂದು ಹೇಳುವವರಿದ್ದಾರೆ. ಬೇಡ. ಸ್ಲೈಡಿನ ಚಿತ್ರದ ಅಳತೆ 24×36 ಮಿಲಿಮೀಟರ್, ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ ಕೂಡ ಅಷ್ಟೇ. 24 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ ಹಾಕಿ ಫ್ರೇಮ್ ತುಂಬಾ ಸ್ಲೈಡ್ ಹಿಡಿದರೆ ಇಂಚಿಗೆ ಸುಮಾರು 4,200 ಪಿಕ್ಸೆಲ್ ಸಿಗುತ್ತವೆ. ಡಬ್ಬಿಯ ಮೇಲೆ 6,400 ಎಂದು ಬರೆದುಕೊಳ್ಳುವ ಮಾಮೂಲಿ ಫ್ಲಾಟ್‌ಬೆಡ್ ಸ್ಕ್ಯಾನರುಗಳು ನಿಜವಾಗಿ ಬಿಡಿಸಿ ತೋರಿಸುವುದು ಅದರ ಅರ್ಧವನ್ನೂ ಅಲ್ಲ.

ಗೋಡೆಗೆ ಪ್ರೊಜೆಕ್ಟ್ ಮಾಡಿ ಫೋಟೋ ತೆಗೆದರೆ ಸಾಕೆಂಬ ಮಾತನ್ನು ಮಾತ್ರ ಮರೆತುಬಿಡಿ. ಗೋಡೆಯ ಸುಣ್ಣದ ತರಿಯೂ ಚಿತ್ರದಲ್ಲಿ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕತ್ತಲಲ್ಲಿ ದಶಕಗಟ್ಟಲೆ ಬಣ್ಣ ಉಳಿಸಿಕೊಳ್ಳುವ ಕೊಡಾಕ್ರೋಮ್ ಸ್ಲೈಡು, ಪ್ರೊಜೆಕ್ಟರಿನ ಬೆಳಕಿಗೆ ಬೇಗ ಮಾಸುತ್ತದೆ.

ಧೂಳಿನ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿ ಅದು ಬೇರೆ ಊರಿನ ಧೂಳಲ್ಲ. ಗಾಳಿ ಎದ್ದರೆ ಸೈನೈಡ್ ಗುಡ್ಡಗಳಿಂದ ಮನೆಯೊಳಗೆ ನುಗ್ಗುವುದು ಚಿನ್ನ ತೆಗೆಯಲು ಹಿಟ್ಟಿನಂತೆ ಅರೆದ ಕಲ್ಲಿನ ಪುಡಿ. ಅದರಲ್ಲಿ ಬೆಣಚುಕಲ್ಲೂ ಇದೆ. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆಂಬ ನಂಬಿಕೆ ಸ್ಲೈಡನ್ನೇ ಗೀರುತ್ತದೆ. ರಬ್ಬರ್ ಬ್ಲೋವರಿನಿಂದ ಊದಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಬೂಷ್ಟು ಹಿಡಿದಿದ್ದರೆ ನೀರು ತಾಗಿಸಬೇಡಿ: ಬೂಷ್ಟು ತಿಂದ ಜಿಲೆಟಿನ್ ಪದರ ಬಣ್ಣದ ಸಮೇತ ಕರಗಿಬರುತ್ತದೆ.

ಬೆಳಕಿಗೆ ಮೊಬೈಲ್ ಪರದೆ ನಡೆಯುತ್ತದೆಯೇ? ಸ್ಲೈಡನ್ನು ಅದರ ಮೇಲೇ ಇಟ್ಟರೆ ಪರದೆಯ ಚುಕ್ಕಿಗಳೆಲ್ಲ ಚಿತ್ರದಲ್ಲಿ ಮೂಡುತ್ತವೆ. ಬಣ್ಣ ನಿಜವಾಗಿ ತೋರಿಸುವ ಎಲ್‌ಇಡಿ ಪ್ಯಾನೆಲ್, ಅದರಿಂದ ಕೆಲವು ಸೆಂಟಿಮೀಟರ್ ಎತ್ತರದಲ್ಲಿ ಸ್ಲೈಡ್, ಅಲುಗಾಡದ ಸ್ಟ್ಯಾಂಡ್, ಎಫ್/8, ಐಎಸ್‌ಒ 100, ಸೆಲ್ಫ್ ಟೈಮರ್, ರಾ ಫೈಲ್. ಇಷ್ಟು ಸಾಕು.

ಸಾಫ್ಟ್‌ವೇರಿನ 'ಆಟೋ' ಗುಂಡಿ ಬಣ್ಣ ಸರಿಮಾಡುತ್ತದೆಂದು ನಂಬುವವರ ಮೇಲೆ ನನಗೆ ಕನಿಕರವಿದೆ. ಈ ಸೀಮೆಯ ಕೆಮ್ಮಣ್ಣು ಫ್ರೇಮ್ ತುಂಬಿದ್ದರೆ ಅದನ್ನು ಬಣ್ಣದ ದೋಷವೆಂದೇ ಎಣಿಸಿ ಆಟೋ ತೊಳೆದುಹಾಕಬಹುದು. ಆಕಾಶಕ್ಕೆ ಇಲ್ಲದ ನೀಲಿ ಬಳಿಯಬಹುದು. ಸ್ಲೈಡ್ ತೆಗೆದು ಬರೀ ಪ್ಯಾನೆಲ್ಲಿನ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ ಅದನ್ನೇ ಬಿಗಿಹಿಡಿಯಿರಿ. ಮಾಸಿ ಕೆಂಪಾದ ಸ್ಲೈಡುಗಳನ್ನು ಆಮೇಲೆ ಒಂದೊಂದಾಗಿ ಕೈಯಿಂದಲೇ ತಿದ್ದಬೇಕು.

ಚೌಕಟ್ಟಿನ ಮೇಲಿನ ಬರಹವನ್ನೂ ಫೋಟೋ ತೆಗೆದಿಡಿ. ಕೊಡಾಕ್ ಚೌಕಟ್ಟಿನಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಅದು ಚಿತ್ರ ತೆಗೆದ ದಿನವಲ್ಲ, ಲ್ಯಾಬಿನಲ್ಲಿ ತೊಳೆದ ಕಾಲ. ರೋಲ್ ಮುಗಿಯದೆ ಕ್ಯಾಮೆರಾದೊಳಗೆ ತಿಂಗಳುಗಟ್ಟಲೆ ಕಾದಿದ್ದರೆ ಪೊಂಗಲ್ ಹಬ್ಬದ ಚಿತ್ರಕ್ಕೆ ಆಗಸ್ಟ್ ಮುದ್ರೆ ಬಿದ್ದಿರುತ್ತದೆ.