ಒಲಿ ನಮ್ಮದು, ಸಿಲಿಂಡರ್ ಬೇರೆಯದು: ಕೂಡಿಸುವ ಮುಂಚೆ

ಬ್ಯಾಡಗಿ ತಾಲೂಕಿನಲ್ಲಿ ನಮ್ಮದು ಮಳೆ ನಂಬಿದ ಎರೆ ಹೊಲ. ಮೆಣಸಿನಕಾಯಿ, ಗೋವಿನಜೋಳ, ಒಂದಿಷ್ಟು ಹತ್ತಿ. ಕಾಯಿ ಬಿಡಿಸಿ ಕಣದಲ್ಲಿ ಒಣಹಾಕಿದರೆ ಪೇಟೆಗೆ ಒಯ್ಯುವವರೆಗೂ ರಾತ್ರಿ ಕಾವಲು ಇರಲೇಬೇಕು. ಕಾವಲು ಎಂದ ಮೇಲೆ ಚಹಾ ಬೇಕು. ಮೊದಲೆಲ್ಲ ಮೂರು ಕಲ್ಲು ಇಟ್ಟು ಹತ್ತಿಕಟ್ಟಿಗೆ ಹಚ್ಚುತ್ತಿದ್ದೆವು. ಒಣ ಕಾಯಿಯ ರಾಶಿ ಹತ್ತಿರ ಕಿಡಿ ಹಾರುತ್ತದೆ ಎಂದು ನನ್ನ ಮಗ ಮೂರು ವರ್ಷದ ಕೆಳಗೆ ಗುಡಿಸಲಿಗೆ ಗ್ಯಾಸ್ ಒಲಿ ತಂದ. ವಿಚಾರ ಒಳ್ಳೆಯದೇ ಇತ್ತು. ಕೂಡಿಸಿದ ರೀತಿ ತಪ್ಪಿತ್ತು.

ಒಲಿ ನಮ್ಮ ಮನೆಯದೇ, ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದ ಹಳೇದು. ಸಿಲಿಂಡರ್ ಮಾತ್ರ ಸಂತೆಯಲ್ಲಿ ಕೊಂಡ ಸಣ್ಣದು. ಅದಕ್ಕೆ ಮೇಲೊಂದು ಚಾವಿ, ಪಕ್ಕದಲ್ಲಿ ಪೈಪು ಸಿಗಿಸುವ ಹಿತ್ತಾಳಿ ಮೂತಿ, ಅಷ್ಟೇ. ರೆಗ್ಯುಲೇಟರ್ ಇಲ್ಲ. "ರೆಗ್ಯುಲೇಟರ್ ಎಲ್ಲೈತೋ?" ಅಂದೆ. "ಚಾವೀನ ರೆಗ್ಯುಲೇಟರ್ ಅಪ್ಪಾ, ಸಣ್ಣಗ ತಿರುವಿದರ ಆತು" ಅಂದ. ನಾನೂ ನಂಬಿದೆ. ಏಳನೇತ್ತೆ ಓದಿದವನಿಗೆ ಅಷ್ಟು ತಿಳಿಯಲಿಲ್ಲ ಅನ್ನಬಹುದು. ಆದರೆ ಮಗ ಪಿಯುಸಿ ಓದಿದವನು, ಅವನಿಗೂ ತಿಳಿದಿರಲಿಲ್ಲ.

ಎರಡು ದಿನ ಉರಿ ಗೇಣುದ್ದ ಹಳದಿಯಾಗಿ ಏಳುತ್ತಿತ್ತು, ಪಾತ್ರೆಗೆ ಮಸಿ ಹಿಡಿಯುತ್ತಿತ್ತು. ಮೂರನೇ ಸಂಜೆ ಸೊಸೆ ಚಹಾಕ್ಕೆ ಇಟ್ಟಾಗ ಪೈಪು ಮೂತಿಯಿಂದ ಕಳಚಿತು. ಬುಸ್ ಎಂದು ಸಪ್ಪಳ. ಒಲಿ ಆರಿತು, ಎಲ್ಲ ಮುಗಿಯಿತು ಅಂದುಕೊಂಡೆವು. ಗುಡಿಸಲ ಬಾಗಿಲಿಂದ ಹತ್ತು ಹೆಜ್ಜೆ ಕೆಳಗೆ ಕಾಯಿ ಬಿಡಿಸಲು ಬಂದ ಆಳುಗಳು ಮಧ್ಯಾಹ್ನ ಹಚ್ಚಿದ ಮೂರು ಕಲ್ಲಿನ ಒಲಿಯಲ್ಲಿ ಕೆಂಡ ಇನ್ನೂ ಜೀವ ಹಿಡಿದಿತ್ತು. ಅದು ಯಾರ ನೆನಪಿನಲ್ಲೂ ಇಲ್ಲ. ಆ ಕಡೆಯಿಂದ ಉರಿ ನೆಲ ಹಿಡಿದು ಓಡಿಬಂತು. ಸೊಸೆಯ ಬಲಗೈ ಮೊಣಕೈವರೆಗೆ ಸುಟ್ಟಿತು. ನಾನು ತೊಯ್ದ ಗೋಣಿಚೀಲ ಕೈಗೆ ಸುತ್ತಿಕೊಂಡು ಚಾವಿ ತಿರುವಿದೆ. ನನ್ನದು ಹುಬ್ಬಿನ ಕೂದಲಷ್ಟೇ ಹೋಯಿತು. ಹಾಗೆ ಮಾಡಿದ್ದು ಶಾಣ್ಯಾತನ ಅಲ್ಲ ಎಂದು ಆಮೇಲೆ ತಿಳಿದವರೆಲ್ಲ ಬೈದರು. ಬೆಂಕಿ ಹತ್ತಿದ ಸಿಲಿಂಡರ್ ಚಾವಿ ಕೈಗೆ ಸಿಗದಿದ್ದರೆ ಜನರನ್ನು ದೂರ ಒಯ್ಯಬೇಕೇ ಹೊರತು ಹೋರಾಟ ಮಾಡಬಾರದು. ರಾಶಿಯ ಒಂದು ಅಂಚು ಹೊತ್ತಿ ಎದ್ದ ಘಾಟಿಗೆ ಊರ ಮಂದಿ ಕೆಮ್ಮುತ್ತಲೇ ಓಡಿಬಂದು ಮಣ್ಣು ಎರಚಿ ಆರಿಸಿದರು. ಸೊಸೆಯ ಕೈಗೆ ಯಾರೋ ಅರಿಷಿಣ ಎಂದರು, ಯಾರೋ ಹಲ್ಲಿನ ಪೇಸ್ಟು ಎಂದರು. ಅದೃಷ್ಟಕ್ಕೆ ನನ್ನ ಹೆಂಡತಿ ಯಾವುದನ್ನೂ ಹಚ್ಚಗೊಡದೆ ಬ್ಯಾರಲ್ ನೀರು ಸುರಿಯುತ್ತಲೇ ಇದ್ದಳು. ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಿದ್ದೇ ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಕೈ ಉಳಿಯಿತು. ಚರ್ಮ ಮಾತ್ರ ಇನ್ನೂ ಬಿಗಿ, ಖಾರ ಕುಟ್ಟಲು ಆಗುವುದಿಲ್ಲ.

ಆಮೇಲೆ ನಮ್ಮ ಮನೆಗೆ ಸಿಲಿಂಡರ್ ತರುವ ಹುಡುಗನನ್ನು ಕೂಡಿಸಿಕೊಂಡು ಕೇಳಿದೆ. "ಯಜಮಾನ್ರ, ನೀವು ಕಾಲುವೆ ಗೇಟ್ ಇಲ್ದ ಡ್ಯಾಮಿಗೇ ಬದು ಕಟ್ಟೀರಿ" ಅಂದ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಸಿಲಿಂಡರಿನೊಳಗೆ ಗ್ಯಾಸು ನೀರಿನ ಹಾಗೆ ದ್ರವವಾಗಿ ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಐದಾರು ಕಿಲೋ ಆಗುತ್ತದೆ. ಕಾರಿನ ಗಾಲಿಯಲ್ಲಿ ಇರುವುದು ಎರಡು ಕಿಲೋ ಚಿಲ್ಲರೆ. ಮನೆ ಒಲಿಗೆ ಬೇಕಾದದ್ದೋ ಸುಮಾರು 30 ಗ್ರಾಂ, ಅಂದರೆ ಒಂದು ಅಡಿ ನೀರು ನಿಂತರೆ ತಳಕ್ಕೆ ಬೀಳುವಷ್ಟು ಭಾರ. ಐದಾರು ಕಿಲೋವನ್ನು 30 ಗ್ರಾಂಗೆ ಇಳಿಸುವುದೇ ರೆಗ್ಯುಲೇಟರ್ ಕೆಲಸ. ಚಾವಿ ಗ್ಯಾಸಿನ ದಾರಿಯನ್ನು ಕಿರಿದು ಮಾಡುತ್ತದೆ, ಒತ್ತಡವನ್ನು ಹಿಡಿದು ನಿಲ್ಲಿಸುವುದಿಲ್ಲ. ಒಲಿಯ ಚಾವಿ ಸಣ್ಣ ಮಾಡಿದಾಗ ಆ ಒತ್ತಡವೆಲ್ಲ ಪೈಪಿನ ಮೇಲೆ ಬೀಳುತ್ತದೆ. ನಮ್ಮ ಪೈಪು ಕಳಚಿದ್ದು ಅದಕ್ಕೇ.

ಎರಡನೆಯದು, ಈ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೆ ಹಾರಿಹೋಗದೆ ಸಾಲಿಗೆ ಬಿಟ್ಟ ನೀರಿನಂತೆ ಇಳಿಜಾರು ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಕಿಡಿಗೆ ಹೊತ್ತುತ್ತದೆ. ಗುಡಿಸಲಲ್ಲಿ ಸೋರಿದ್ದು ಕೆಳಗಿನ ಕೆಂಡ ಹುಡುಕಿಕೊಂಡು ಹೋದದ್ದು ಹಾಗೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದ್ದು ತಿಳಿಯಲೆಂದೇ ನಾತದ ಔಷಧ ಬೆರೆಸುತ್ತಾರೆ. ಆ ನಾತ ನಮಗೆ ಎರಡು ದಿನ ಮುಂಚೆಯೇ ಬಂದಿತ್ತು. ಮೆಣಸಿನಕಾಯಿ ಘಾಟಿನಲ್ಲಿ ಲಕ್ಷ್ಯ ಕೊಡಲಿಲ್ಲ.

ಈಗ ಗುಡಿಸಲಿನಲ್ಲಿ ಕಂಪನಿಯದೇ 5 ಕಿಲೋ ಸಿಲಿಂಡರ್ ಇದೆ. ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ ಕೊಡುತ್ತಾರೆ. ಇಂಡೇನ್, ಭಾರತ್, ಎಚ್‌ಪಿ ಈ ಮೂರರ ಮನೆ ಸಿಲಿಂಡರಿಗೆ ಮನೆಯ ರೆಗ್ಯುಲೇಟರೇ ಕೂಡುತ್ತದೆ. ಖಾಸಗಿ ಕಂಪನಿಯವಕ್ಕೆ ಬಾಯಿಯ ಅಳತೆ ಬೇರೆ ಇರಬಹುದು, ಅವರದೇ ರೆಗ್ಯುಲೇಟರ್ ತರಬೇಕು. ಕೂಡದ್ದನ್ನು ಬಡಿದು, ಟ್ಯೂಬಿನ ತುಂಡು ಇಟ್ಟು ಕೂಡಿಸುವ ಚಟ ನಮ್ಮ ರೈತರಿಗೆ ಬಹಳ. ಪಂಪ್‌ಸೆಟ್ಟಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಸಿಕೊಡುವವರ ಹತ್ತಿರವೂ ಹೋಗಬೇಡಿ. ಎಷ್ಟು ತುಂಬಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ, ಬಿಸಿಲಿಗೆ ದ್ರವ ಉಬ್ಬಲು ಒಳಗೆ ಜಾಗ ಬೇಕು.

ಸಿಲಿಂಡರ್ ಬದಲಿಸುವಾಗ ಆಸುಪಾಸಿನ ಒಲಿ, ದೀಪ, ಬೀಡಿ ಎಲ್ಲ ಆರಿಸುತ್ತೇವೆ, ಕೆಂಡಕ್ಕೆ ನೀರು ಹೊಡೆಯುತ್ತೇವೆ. ಮುಚ್ಚಳ ತೆಗೆದು ಬಾಯೊಳಗಿನ ರಬ್ಬರ್ ಉಂಗುರ ಇದೆಯೋ, ಸೀಳಿದೆಯೋ ನೋಡುತ್ತೇವೆ. ರೆಗ್ಯುಲೇಟರ್ ಗುಂಡಿ ಬಂದ್ ಇಟ್ಟೇ ಒತ್ತಿ ಕೂಡಿಸಬೇಕು. 'ಟಕ್' ಎಂದು ಕೂತ ಮೇಲೆ ಮೆಲ್ಲಗೆ ಎತ್ತಿ ನೋಡಿದರೆ ಕಳಚಬಾರದು. ಆಮೇಲೆ ಒಲಿಯ ಚಾವಿ ಬಂದ್ ಇಟ್ಟು ರೆಗ್ಯುಲೇಟರ್ ಚಾಲೂ ಮಾಡಿ, ಸೋಪಿನ ನೀರನ್ನು ಬಾಯಿ, ಪೈಪಿನ ಎರಡೂ ತುದಿಗೆ ಹಚ್ಚುತ್ತೇವೆ. ಗುಳ್ಳೆ ಎದ್ದರೆ ಸೋರುತ್ತಿದೆ. ಕೆಲವರು ಕಡ್ಡಿ ಕೊರೆದು ನೋಡುತ್ತಾರೆ, ಅದು ಹಾವಿನ ಹುತ್ತದಲ್ಲಿ ಬೆರಳಿಟ್ಟು ನೋಡಿದಂತೆ. ನಾತ ಬಂದರೆ ಕರೆಂಟಿನ ಗುಂಡಿ ಒತ್ತಲೂಬಾರದು, ಆರಿಸಲೂಬಾರದು. ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಹಗಲುರಾತ್ರಿ ಎತ್ತುತ್ತಾರೆ.

ಪೈಪು ಐಎಸ್ಐ ಗುರುತಿನ, ಒಳಗೆ ತಂತಿ ಹೆಣೆದ ಸುರಕ್ಷಾ ಪೈಪೇ ಬೇಕು. ಒಂದೂವರೆ ಮೀಟರಿಗಿಂತ ಉದ್ದ ಬೇಡ, ನಡುವೆ ಜೋಡಣೆ ಬೇಡ, ಐದು ವರ್ಷಕ್ಕೆ ಬದಲು. ಹೊಲದಲ್ಲಿ ಇಲಿ ಕಡಿಯುತ್ತದೆ, ನಾವು ಪ್ರತಿ ವಾರ ಕೈಯಾಡಿಸಿ ನೋಡುತ್ತೇವೆ. ಸಿಲಿಂಡರ್ ನೆಟ್ಟಗೇ ನಿಲ್ಲಬೇಕು, ಒಲಿ ಅದಕ್ಕಿಂತ ಎತ್ತರದಲ್ಲಿರಬೇಕು. ಗ್ಯಾಸು ತೀರಿತೆಂದು ಅಡ್ಡ ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗುತ್ತದೆ. ಸಿಲಿಂಡರಿನ ಮೇಲಿನ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ 29 ಎಂದಿದ್ದರೆ 2029ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ದಿನ ದಾಟಿದ್ದನ್ನು ಒಳಗೇ ತರಬೇಡಿ, ಬಂಡಿಯ ಮೇಲೇ ವಾಪಸ್ ಕಳಿಸಿ.

ಮದುವೆ, ಜಾತ್ರೆಯಲ್ಲಿ ಅಡಿಗೆಯವರು ತರುವ 19 ಕಿಲೋದ್ದು ಬೇರೆ ಲೆಕ್ಕ. ಅವರ ದೊಡ್ಡ ಒಲಿಗೆ ತಿರುಪಿನ ರೆಗ್ಯುಲೇಟರ್ ಇರುತ್ತದೆ, ಅದರಲ್ಲಿ ಒತ್ತಡ ಕಿಲೋ ಲೆಕ್ಕದಲ್ಲಿ ಬರುತ್ತದೆ. ಅಡಿಗೆ ಮುಗಿದ ಮೇಲೆ ಉಳಿದ ಗ್ಯಾಸು ಹಾಳಾಗಬಾರದೆಂದು ಅದೇ ರೆಗ್ಯುಲೇಟರಿಗೆ ಮನೆ ಒಲಿ ಹಚ್ಚುತ್ತಾರೆ. ನಮಗೆ ಆದದ್ದೇ ಅವರಿಗೂ ಆಗುತ್ತದೆ. ಮೋಟೆಬೆನ್ನೂರಿನ ಹತ್ತಿರ, ರಾಣೆಬೆನ್ನೂರು ದಾರಿಯಲ್ಲಿ ಹೆದ್ದಾರಿ ಬದಿಗೆ ಗೋವಿನಜೋಳದ ತೆನೆ ಸುಡಲು ಯಾರಾದರೂ ಗ್ಯಾಸ್ ಒಲಿ ಇಡುವುದಾದರೆ, ಆ ಒಲಿಗೆ ಎಷ್ಟು ಒತ್ತಡ ಬೇಕೆಂದು ಕೊಳ್ಳುವಾಗಲೇ ಕೇಳಿ, ಅದಕ್ಕೆ ತಕ್ಕ ರೆಗ್ಯುಲೇಟರ್ ತನ್ನಿ. ಮನೆಯ ಸಿಲಿಂಡರ್ ವ್ಯಾಪಾರಕ್ಕೆ ಇಡುವುದು ಕಾಯ್ದೆಗೂ ವಿರುದ್ಧ.

ಗೋಬರ್ ಗ್ಯಾಸ್ ಇರುವವರಿಗೆ ಒಂದು ಮಾತು. ಆ ಒಲಿಯ ತೂತು ದೊಡ್ಡದು, ಸಗಣಿ ಗ್ಯಾಸಿಗೆ ಶಕ್ತಿ ಕಡಿಮೆ. ಅದಕ್ಕೆ ಸಿಲಿಂಡರ್ ಹಚ್ಚಿದರೆ ಮಸಿಯ ದೊಡ್ಡ ಉರಿ. ಸಿಲಿಂಡರಿನ ಒಲಿಗೆ ಗೋಬರ್ ಗ್ಯಾಸ್ ಹಚ್ಚಿದರೆ ಉರಿ ನಿಲ್ಲುವುದೇ ಕಷ್ಟ. ಎರಡೂ ಒಲಿ ಬೇರೆ ಬೇರೆ ಇಟ್ಟುಕೊಳ್ಳಿ.

ಸಂತೆಯ ಆ ಸಿಲಿಂಡರನ್ನು ಗುಜರಿಯವನು ಕೇಳಿದರೂ ಮಗ ಕೊಡಲಿಲ್ಲ. ಒಳಗೆ ಗ್ಯಾಸು ಉಳಿದಿದ್ದರೆ ಒಡೆಯುವವನ ಗತಿ ಏನು ಎಂದು ಏಜೆನ್ಸಿಯವರನ್ನೇ ಕೇಳಿ, ಅವರು ಹೇಳಿದ ಕಡೆ ಒಯ್ದು ಒಪ್ಪಿಸಿದ. ಪೈಪು ಹಾಕಿದ ತಾರೀಖನ್ನು ಈಗ ಸೊಸೆಯೇ ಗುಡಿಸಲ ಬಾಗಿಲಿಗೆ ಎಡಗೈಯಲ್ಲಿ ಬಣ್ಣದಿಂದ ಬರೆದಿದ್ದಾಳೆ.