ಜಿಮ್ಮಿನ ಕರಾರು, ಶ್ರಾವಕನ ತಕ್ಕಡಿ

ಕಪಿಲೆಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಸಂಗಮದ ದಡದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬುದು ಊರವರ ನಂಬಿಕೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಇದೇ ಕೆಂಪು ಬೀಜದಿಂದ. ಆ ಬೀಜದ ತೂಕದಷ್ಟನ್ನು ಕೊಡುವಾಗ ತಗ್ಗಿಸಿದರೂ ಕೊಳ್ಳುವಾಗ ಹಿಗ್ಗಿಸಿದರೂ ಶ್ರಾವಕನ ಅಚೌರ್ಯಾಣುವ್ರತಕ್ಕೆ ದೋಷ ತಟ್ಟುತ್ತದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ಹೀನಾಧಿಕಮಾನೋನ್ಮಾನ’ವೆಂದು ಹೆಸರಿಸಿರುವುದು ಇದನ್ನೇ.

ಈಗ ತಕ್ಕಡಿ ಬಹಳಷ್ಟು ಕಡೆ ಕಾಗದದ ರೂಪ ತಾಳಿದೆ. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳ ತರುಣರಿಗೂ ಜಿಮ್ ಇಂದು ಹೊಸದಲ್ಲ. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಮಟ್ಟಿಯ ಮಣ್ಣಿಗೆ ನಮಸ್ಕರಿಸಿ ಉಸ್ತಾದರ ಕಾಲಿಗೆ ಬಿದ್ದರೆ ಪ್ರವೇಶ ದೊರೆಯುತ್ತಿತ್ತು. ಬಿಟ್ಟು ಹೋದವನಿಗೆ ದಂಡವಿರಲಿಲ್ಲ. ಜಿಮ್ಮಿನಲ್ಲಿ ಮೊದಲು ಸಹಿ, ಆಮೇಲೆ ಸಾಮು. ಸಹಿ ಹಾಕುವ ಹಾಳೆ ಅನೇಕ ವೇಳೆ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಸಾಸಿವೆಯಷ್ಟು ಸಣ್ಣದಾಗಿರುತ್ತದೆ. ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗದು ಎಂಬ ಸಾಲು ಅದರ ಕೊನೆಯಲ್ಲೆಲ್ಲೋ ಇರುತ್ತದೆ.

ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ ಅವನದು. ತಿಂಗಳ ಲೆಕ್ಕದಲ್ಲಾದರೆ ಶುಲ್ಕ 1,500 ರೂಪಾಯಿ, ಒಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 12,000. ಉಳಿತಾಯ ಕಂಡು ವರ್ಷದ ಹಣ ಕಟ್ಟಿದ. ಎರಡು ತಿಂಗಳಾದ ಮೇಲೆ ಬೆನ್ನು ಹಿಡಿಯಿತು. ಭಾರ ಎತ್ತಬಾರದೆಂದು ವೈದ್ಯರು ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಹೋದವನಿಗೆ ಜಿಮ್ಮಿನವರು ಅವನದೇ ಸಹಿಯನ್ನು ತೋರಿಸುತ್ತಾರೆ. ಎರಡು ತಿಂಗಳ ವ್ಯಾಯಾಮಕ್ಕೆ ಅವನು ತೆತ್ತದ್ದು ತಿಂಗಳಿಗೆ 6,000 ರೂಪಾಯಿಯಂತಾಯಿತು. ಇದು ಅನ್ಯಾಯವೇ? ಅನ್ಯಾಯವಾದರೆ ಎಷ್ಟು?

ಅದತ್ತವಾದುದನ್ನು, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯ ಎಂಬುದು ಜಿನಶಾಸನದ ಲಕ್ಷಣ. ಇಲ್ಲಿ ತರುಣನು ತನ್ನ ಕೈಯಾರೆ ಕೊಟ್ಟಿದ್ದಾನೆ, ಸಹಿಯನ್ನೂ ಹಾಕಿದ್ದಾನೆ. ಆದ್ದರಿಂದ ಜಿಮ್ಮಿನ ಮಾಲೀಕನನ್ನು ಕಳ್ಳನೆಂದು ಕರೆಯಲು ಆತುರಪಡಬಾರದು. ಯಂತ್ರಗಳ ಸಾಲದ ಕಂತು, ಮಳಿಗೆಯ ಬಾಡಿಗೆ, ತರಬೇತುದಾರನ ಸಂಬಳ, ವಿದ್ಯುತ್ ಬಿಲ್ಲು ಇವೆಲ್ಲ ಅವನ ತಲೆಯ ಮೇಲಿವೆ. ವರ್ಷದ ಹಣ ಖಚಿತವಾಗಿ ಕೈಗೆ ಬಂತೆಂದೇ ಅವನು ತಿಂಗಳಿಗೆ 500 ರೂಪಾಯಿ ಬಿಟ್ಟುಕೊಟ್ಟದ್ದು. ರಿಯಾಯಿತಿಯನ್ನೂ ಉಳಿಸಿಕೊಂಡು ಹತ್ತು ತಿಂಗಳ ಹಣವನ್ನೂ ಹಿಂದಕ್ಕೆ ಕೇಳಿದರೆ ಅಳತೆ ತಪ್ಪಿಸಿದವನು ತರುಣನೇ ಆಗುತ್ತಾನೆ.

ಹಾಗಿದ್ದರೆ ಈ ಪ್ರಶ್ನೆಯ ಗಂಟು ಎಲ್ಲಿದೆ? ಅಚೌರ್ಯದ ಬಳಿ ಅದು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಸತ್ಯಾಣುವ್ರತದ ಬಳಿಗೆ ಹೋಗಬೇಕು. ಸತ್ಯದ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು, ‘ನ್ಯಾಸಾಪಹಾರ’ ಇನ್ನೊಂದು. ಮೊದಲನೆಯದು ವಂಚನೆಯ ಬರಹ. ಎರಡನೆಯದು ಇಟ್ಟ ಗಂಟಿನ ಅಪಹರಣ. ಗಂಟನ್ನು ಅಪಹರಿಸುವುದು ಕಳವಾಗಬೇಕಲ್ಲವೇ, ಅದನ್ನು ಸುಳ್ಳಿನ ಸಾಲಿನಲ್ಲಿ ಏಕೆ ಸೇರಿಸಿದರು ಎಂದು ಪಾಠ ಕೇಳುವವರಿಗೆ ಸಂಶಯ ಬರುವುದು ಸಹಜ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಕೊಡುವ ವಿವರಣೆ ಸೂಕ್ಷ್ಮವಾಗಿದೆ. ಹೊನ್ನನ್ನು ಇಟ್ಟವನು ತಾನು ಇಟ್ಟದ್ದೆಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಲೆಕ್ಕ ಬಲ್ಲವನಾಗಿಯೂ ಹಾಗೇ ಆಗಲಿ ಎಂದು ಒಪ್ಪಿಬಿಡುತ್ತಾನೆ. ಅವನು ಯಾವ ಪೆಟ್ಟಿಗೆಯನ್ನೂ ಒಡೆಯಲಿಲ್ಲ. ಎದುರಿನವನ ಅರಿವಿನ ಕೊರತೆಗೆ ಒಂದು ಹೂಂ ಸೇರಿಸಿದ, ಅಷ್ಟೆ. ಆ ಹೂಂಕಾರವೇ ದೋಷ. (ನಂಜನಗೂಡಿನಿಂದ ಚಾಮರಾಜನಗರದ ದಿಕ್ಕಿಗೆ ಹೊರಟರೆ ಸಿಗುವ ಮಲೆಯೂರಿನ ಕನಕಗಿರಿಯನ್ನು ಜೈನ ಪರಂಪರೆ ಪೂಜ್ಯಪಾದರ ತಪೋಭೂಮಿಯೆಂದು ಗೌರವಿಸುತ್ತದೆ. ಈ ಸೀಮೆಯವರಿಗೆ ಆ ಆಚಾರ್ಯರ ಮಾತು ದೂರದ್ದಲ್ಲ.)

ಈ ಬೆಳಕಿನಲ್ಲಿ ಜಿಮ್ಮಿನ ಕಾಗದವನ್ನು ನೋಡಬೇಕು. ಸಹಿ ಹಾಕುವವನಿಗೆ ತಿಳಿಯದಿರುವ ಯಾವ ಸಂಗತಿ ಮಾಲೀಕನಿಗೆ ತಿಳಿದಿದೆ? ಸೇರಿದವರಲ್ಲಿ ಬಹಳ ಮಂದಿ ಕೆಲವೇ ತಿಂಗಳುಗಳಲ್ಲಿ ಬರುವುದನ್ನು ನಿಲ್ಲಿಸುತ್ತಾರೆಂಬುದು ಅವನಿಗೆ ಗೊತ್ತು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮೂರು ವ್ಯಾಯಾಮ ಕ್ಲಬ್ಬುಗಳ 7,752 ಸದಸ್ಯರ ಲೆಕ್ಕವನ್ನು ಪರಿಶೀಲಿಸಿತ್ತು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಶುಲ್ಕ ಕಟ್ಟಿದವರು ಸರಾಸರಿ ತಿಂಗಳಿಗೆ 4.3 ಸಲ ಮಾತ್ರ ಹೋಗಿದ್ದರು. ಒಂದು ಭೇಟಿಗೆ 17 ಡಾಲರಿಗೂ ಮಿಗಿಲಾಗಿ ತೆತ್ತಂತಾಯಿತು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಒಂದಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಲಂಡನ್ನಿನ ಹೈಕೋರ್ಟ್ 2011ರಲ್ಲಿ ಜಿಮ್ ಕರಾರುಗಳ ಪ್ರಕರಣವೊಂದನ್ನು ತೀರ್ಮಾನಿಸುವಾಗ ಇದೇ ಮನುಷ್ಯಸ್ವಭಾವವನ್ನು ಗಮನಿಸಿ, ಸದಸ್ಯನನ್ನು 12 ತಿಂಗಳಿಗೂ ಮೀರಿ ಕಟ್ಟಿಹಾಕುವ ಷರತ್ತುಗಳನ್ನು ಅನ್ಯಾಯದವೆಂದು ಸಾರಿತು.

ಸೋಮಾರಿತನದಿಂದ ಹೋಗದೆ ಉಳಿದವನ ಹಣವನ್ನು ಹಿಂದಿರುಗಿಸಬೇಕೆಂದು ಯಾವ ಆಚಾರ್ಯರೂ ಹೇಳಲಾರರು. ಬಾಗಿಲು ತೆರೆದಿದೆ, ಯಂತ್ರ ಸಿದ್ಧವಿದೆ. ಅವನು ಮಲಗಿದ್ದರೆ ಅದು ಅವನ ಪ್ರಮಾದ. ಕರ್ಮಬಂಧದ ಹೇತುಗಳಲ್ಲಿ ಪ್ರಮಾದವೂ ಒಂದೆಂದು ತತ್ತ್ವಾರ್ಥಸೂತ್ರದ 8ನೆಯ ಅಧ್ಯಾಯ ಹೇಳುತ್ತದೆ, ಅದರ ಫಲವನ್ನು ಅವನು ಉಣ್ಣಲಿ. ಆದರೆ ನೂರು ಜನ ಹಿಡಿಸುವ ಕೋಣೆಗೆ, ಬಹುಪಾಲು ಮಂದಿ ಬರಲಾರರೆಂಬ ಭರವಸೆಯಿಂದಲೇ ಐನೂರು ಜನರನ್ನು ಸೇರಿಸಿಕೊಳ್ಳುವವನ ಭಾವವೇನು? ಇನ್ನೊಬ್ಬನ ಪ್ರಮಾದವನ್ನು ತನ್ನ ಆದಾಯದ ಬಾಬ್ತಾಗಿ ಬರೆದಿಟ್ಟುಕೊಂಡಂತಾಯಿತಲ್ಲವೇ? ಬರುವವರು ಬಾರದಿರಲಿ ಎಂದು ಹಾರೈಸುವ ಅಂಗಡಿ ಲೋಕದಲ್ಲಿ ವಿರಳ. ಗೃಹಸ್ಥನ ಗುಣಗಳನ್ನು ಹೇಳಹೊರಟ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟದ್ದನ್ನು ಇಂಥ ವ್ಯಾಪಾರಿ ಒಮ್ಮೆ ನೆನೆಯಬೇಕು.

ಕಾಯಿಲೆ ಬಿದ್ದವನ, ವರ್ಗವಾಗಿ ಊರು ಬಿಡುವವನ, ಗರ್ಭಿಣಿಯಾದವಳ ಮಾತು ಬೇರೆ. ಜಿಮ್ಮೇ ಮುಚ್ಚಿದರೆ ಅಥವಾ ಬಹುದೂರಕ್ಕೆ ಸ್ಥಳಾಂತರವಾದರೆ ಆ ಮಾತು ಇನ್ನೂ ಬೇರೆ. ಅಲ್ಲಿ ಮುಂದಿನ ತಿಂಗಳುಗಳ ಹಣವು ಸಲ್ಲದ ಸೇವೆಯ ಬೆಲೆ. ಅದು ನ್ಯಾಸಕ್ಕೆ ಬಲು ಹತ್ತಿರದ್ದು. ಶುಲ್ಕವನ್ನು ಸಾಲದ ಕಂತುಗಳಾಗಿ ಮಾಡಿಸಿಕೊಂಡವನ ಪಾಡಂತೂ ಮತ್ತೂ ಕಠಿಣ. ಸಾಲ ಕೊಟ್ಟ ಸಂಸ್ಥೆ ಬೇರೆ, ಜಿಮ್ ಬೇರೆ. ಜಿಮ್ಮಿಗೆ ಬೀಗ ಬಿದ್ದ ಮಾತ್ರಕ್ಕೆ ಕಂತು ತಾನಾಗಿ ನಿಲ್ಲುವುದಿಲ್ಲ.

ದಂಡವೇ ಕೂಡದು ಎಂಬುದು ಧರ್ಮದ ನಿಲುವಲ್ಲ. ಜೈನಾಚಾರದಲ್ಲಿ ತಪ್ಪಿಗೆ ಪ್ರಾಯಶ್ಚಿತ್ತವುಂಟು, ಅದಕ್ಕೊಂದು ಕ್ರಮವೂ ಉಂಟು. ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ ಎಂದು ಒಂಬತ್ತು ಬಗೆಯನ್ನು ಉಮಾಸ್ವಾಮಿಗಳು ಹೇಳಿದ್ದಾರೆ. ಸಣ್ಣ ತಪ್ಪಾದರೆ ಗುರುವಿನ ಮುಂದೆ ಮರೆಮಾಚದೆ ನಿವೇದಿಸಿಕೊಳ್ಳುವ ಆಲೋಚನೆಯಿಂದಲೇ ಶುದ್ಧಿ. ದೀಕ್ಷೆಯ ಕಾಲದಿಂದ ದಿನಗಳನ್ನೋ ತಿಂಗಳುಗಳನ್ನೋ ಕತ್ತರಿಸುವ ಛೇದವು ಭಾರವಾದ ತಪ್ಪಿಗೆ ಮೀಸಲು. ಇಡೀ ದೀಕ್ಷೆಯನ್ನು ಮತ್ತೆ ಮೊದಲಿನಿಂದ ಕೊಡುವ ಉಪಸ್ಥಾಪನೆ ಕಟ್ಟಕಡೆಯದು. ಒಂದು ದಿನ ಸಾಮಾಯಿಕ ತಪ್ಪಿಸಿದವನಿಗೆ ಉಪಸ್ಥಾಪನೆಯನ್ನು ವಿಧಿಸುವ ಆಚಾರ್ಯರಿಲ್ಲ. ಎರಡು ತಿಂಗಳಿಗೆ ಬಿಟ್ಟವನಿಂದಲೂ ಹನ್ನೊಂದು ತಿಂಗಳಿಗೆ ಬಿಟ್ಟವನಿಂದಲೂ ಪೂರ್ತಿ ಹಣವನ್ನು ಒಂದೇ ಸಮನೆ ನುಂಗುವ ಕರಾರಿನಲ್ಲಿ ಈ ತಾರತಮ್ಯವೇ ಇಲ್ಲ.

ನಾಡಿನ ಕಾನೂನೂ ಇದಕ್ಕೆ ಸಮೀಪದ ಮಾತನ್ನೇ ಆಡುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ದೊರೆಯುವುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ. ನಷ್ಟವನ್ನು ತಗ್ಗಿಸಿಕೊಳ್ಳಲು ತನಗಿದ್ದ ದಾರಿಗಳನ್ನು ನೊಂದವನು ಬಳಸಿದನೇ ಎಂಬುದನ್ನೂ ನೋಡಬೇಕೆಂದು 73ನೆಯ ಕಲಮು ಹೇಳುತ್ತದೆ. ತೆರವಾದ ಜಾಗಕ್ಕೆ ಇನ್ನೊಬ್ಬ ಬಂದು ಸೇರಿದ್ದರೆ ಜಿಮ್ಮಿಗಾದ ನಷ್ಟ ಎಷ್ಟರದು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಆದ ನಷ್ಟಕ್ಕೆ ಏನೇನೂ ಹೊಂದದ ದಂಡವನ್ನು ಗ್ರಾಹಕನ ಮೇಲೆ ಹೇರುವುದು ‘ಅನ್ಯಾಯದ ಕರಾರಿ’ನ ಲಕ್ಷಣವೆಂದು ಅದು ಬಿಡಿಸಿ ಹೇಳಿದೆ.

ಷರತ್ತನ್ನೇ ಅನೂರ್ಜಿತಗೊಳಿಸಬೇಕೆಂಬ ದೂರು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ಸೇವೆಯಲ್ಲಿನ ಕೊರತೆ, ಮೋಸದ ವ್ಯಾಪಾರ ಪದ್ಧತಿಗಳ ದೂರನ್ನು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗವೇ ಕೇಳುತ್ತದೆ. ಜಿಮ್ ಎಲ್ಲಿಯದೇ ಆಗಿರಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಕೊಡಬೇಕು. ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಷ್ಟು ದೂರ ಹೋಗುವ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಹಣ ಕಟ್ಟಿದ ರಸೀದಿಯನ್ನು ಪಡೆದು ಜೋಪಾನ ಮಾಡುವುದನ್ನಂತೂ ಮರೆಯಬಾರದು. ಕೇಳಿದರೂ ರಸೀದಿ ಕೊಡದಿರುವುದು ಅದೇ ಒಂದು ತಪ್ಪು.

ಸಹಿ ಹಾಕುವವನ ಕಡೆಗೂ ಒಂದು ಮಾತುಂಟು. ಶ್ರಾವಕನು ವ್ರತ ಹಿಡಿಯುವ ಬಗೆಯನ್ನು ನೋಡಿ. ಗುರುಗಳು ಮೊದಲು ವ್ರತದ ಸ್ವರೂಪವನ್ನು ತಿಳಿಸುತ್ತಾರೆ, ಅದು ಎಲ್ಲೆಲ್ಲಿ ಮುಕ್ಕಾದೀತೆಂದು ಅತಿಚಾರಗಳನ್ನು ಎಣಿಸಿ ಹೇಳುತ್ತಾರೆ, ಅವನ ಶಕ್ತಿಯನ್ನು ಅಳೆದ ಮೇಲೆಯೇ ಕೊಡುತ್ತಾರೆ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವುದರಲ್ಲಿ ಯಮ, ನಿಯಮ ಎಂಬ ಎರಡು ಬಗೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತೋರಿಸಿದ್ದಾರೆ. ಯಮವು ಬದುಕಿರುವವರೆಗೆ. ನಿಯಮಕ್ಕೆ ಕಾಲದ ಗಡಿಯುಂಟು: ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ. ಒಂದು ಪಕ್ಷ ರಾತ್ರಿಭೋಜನ ಬಿಟ್ಟು ನೋಡದವನು ಒಮ್ಮೆಲೇ ಜೀವಾವಧಿಯ ಯಮಕ್ಕೆ ಕೈ ಹಾಕುವುದಿಲ್ಲ. ಒಂದು ತಿಂಗಳು ಬೆಳಗ್ಗೆ ಐದಕ್ಕೆ ಏಳಲಾರದವನು ರಿಯಾಯಿತಿಯ ಆಸೆಗೆ ವರ್ಷದ ಹಣ ಕಟ್ಟುವುದೇಕೆ? ಮೊದಲ ತಿಂಗಳಿಗೆ 1,500 ಕೊಟ್ಟು ತನ್ನನ್ನು ತಾನು ಅಳೆದುಕೊಂಡಿದ್ದರೆ ಆ 500 ರೂಪಾಯಿ ಅವನಿಗೆ ದುಬಾರಿಯಾಗುತ್ತಿರಲಿಲ್ಲ. ತನ್ನ ಕಾರ್ಡನ್ನು ತಮ್ಮನ ಕೈಗೆ ಕೊಟ್ಟು ಒಳಗೆ ಕಳುಹಿಸುವವರೂ, ಇಲ್ಲದ ಬೆನ್ನುನೋವಿಗೆ ವೈದ್ಯರ ಚೀಟಿ ಹೊಂದಿಸುವವರೂ ಇದ್ದಾರೆ. ಆ ಚೀಟಿಯೂ ಕೂಟಲೇಖವೇ.

ನಂಜನಗೂಡಿನ ಆ ತರುಣನ ಲೆಕ್ಕಕ್ಕೆ ಮರಳೋಣ. ಬಳಸಿದ ಎರಡು ತಿಂಗಳಿಗೆ ರಿಯಾಯಿತಿಯಿಲ್ಲದ ದರದಂತೆ 3,000. ಪ್ರವೇಶದ ಕಾರ್ಡಿಗೂ ಬರವಣಿಗೆಯ ಕೆಲಸಕ್ಕೂ ನಿಜವಾಗಿ 500 ವೆಚ್ಚವಾಯಿತೆಂದು ಮಾಲೀಕನು ತೋರಿಸಬಲ್ಲನಾದರೆ ಅದೂ ಸೇರಿ 3,500. ಉಳಿದ 8,500 ರೂಪಾಯಿ ತರುಣನದು. ಮಾಲೀಕನು ಕೊಟ್ಟಿದ್ದ ರಿಯಾಯಿತಿ ಅವನಿಗೆ ಹಿಂದಿರುಗಿತು, ಕಲಿಸಿದ್ದಕ್ಕೆ ಕೂಲಿ ಸಂದಿತು. ಅಂದೇ ಪೂರ್ತಿ ಹಣ ಎಣಿಸಿಕೊಡಲಾಗದಿದ್ದರೆ ಎರಡು ಕಂತಿನಲ್ಲಿ ಕೊಡಲಿ, ಇಲ್ಲವೆ ಬೆನ್ನು ವಾಸಿಯಾಗುವವರೆಗೆ ಅವಧಿಯನ್ನು ತಡೆಹಿಡಿದು ಮುಂದಕ್ಕೆ ಹಾಕಲಿ; ತರುಣನು ಒಪ್ಪಿದರೆ ಅದೂ ಸರಿಯೇ. ಈ ಲೆಕ್ಕಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ಸಾಕು. ಹಣ ಎಣಿಸಿಕೊಳ್ಳುವ ಮೇಜಿನ ಹಿಂದಿನ ಗೋಡೆಯಲ್ಲಿ, ದರಪಟ್ಟಿಯ ಪಕ್ಕದಲ್ಲೇ, ಅದಕ್ಕೆ ಜಾಗವಿದೆ.