ನೆಲ ಬಿಟ್ಟ ಮೇಲೆ ಬ್ರೇಕ್ ಯಾಕೆ?

ಬೆಂಗಳೂರಿನ ಹೊರವಲಯದ ಮೋಟೊಕ್ರಾಸ್ ಟ್ರ್ಯಾಕೊಂದರ ಬೇಲಿಗೆ ಒರಗಿ ನಿಂತಿದ್ದೆ. ಭಾನುವಾರದ ಬೆಳಗು. ಕೆಮ್ಮಣ್ಣಿನ ದಿಬ್ಬವೇರಿ ಬಂದ ಹುಡುಗನೊಬ್ಬ ಬೈಕ್ ಸಮೇತ ಗಾಳಿಗೆ ಎದ್ದ. ಮುಂದಿನ ಚಕ್ರ ಬೇಕಾದ್ದಕ್ಕಿಂತ ಮೇಲೆದ್ದಿತ್ತು. ಇನ್ನೇನು ಹಿಂದಕ್ಕೆ ಮಗುಚಿಕೊಂಡ ಅನ್ನುವಷ್ಟರಲ್ಲಿ ಅವನ ಬಲಗಾಲು ಹಿಂದಿನ ಬ್ರೇಕಿನ ಪೆಡಲನ್ನು ಒತ್ತಿತು. ಬೈಕಿನ ಮೂತಿ ತಗ್ಗಿತು. ಆಚೆಯ ಇಳಿಜಾರಿಗೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಇಳಿದು ಹೋದ.

ಚಕ್ರ ಎರಡೂ ಗಾಳಿಯಲ್ಲಿವೆ. ಉಜ್ಜುವುದಕ್ಕೆ ನೆಲವೇ ಇಲ್ಲ. ಬ್ರೇಕ್ ಹಿಡಿದು ನಿಲ್ಲಿಸಿದ್ದಾದರೂ ಏನನ್ನು?

ಖಂಡಿತ ಬೈಕಿನ ಓಟವನ್ನಲ್ಲ. ಅದು ಎಲ್ಲಿಗೆ ಹೋಗಿ ಬೀಳಬೇಕೆಂಬುದು ದಿಬ್ಬದ ಅಂಚು ಬಿಟ್ಟ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಕವಣೆ ಬಿಟ್ಟ ಕಲ್ಲಿಗೂ ಬೈಕಿಗೂ ಆಗ ಹೆಚ್ಚು ವ್ಯತ್ಯಾಸವಿಲ್ಲ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಓರೆಯ ದಿಬ್ಬದಿಂದ ಗಂಟೆಗೆ 45 ಕಿ.ಮೀ. ವೇಗದಲ್ಲಿ ಎದ್ದವನು ಸುಮಾರು 2 ಮೀಟರ್ ಎತ್ತರಕ್ಕೇರಿ, 1.3 ಸೆಕೆಂಡ್ ಗಾಳಿಯಲ್ಲಿದ್ದು, ಹೆಚ್ಚುಕಡಿಮೆ 14 ಮೀಟರ್ ಆಚೆ ಅಷ್ಟೇ ಎತ್ತರದ ಜಾಗಕ್ಕೆ ಬರುತ್ತಾನೆ. ವೇಗ 40 ಆಗಿದ್ದರೆ 11 ಮೀಟರ್. 50 ಆಗಿದ್ದರೆ 17. ಐದು ಕಿಲೋಮೀಟರ್ ಆಚೀಚೆಯಾದರೆ ಮೂರು ಮೀಟರ್ ಹೆಚ್ಚುಕಮ್ಮಿ. ಮೇಲೆ ಹೋದ ಮೇಲೆ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಗಾಳಿಯಲ್ಲಿ ಸವಾರನ ಕೈಯಲ್ಲಿ ಉಳಿಯುವುದು ಭಂಗಿ ಮಾತ್ರ. ಅದರ ಗುಟ್ಟು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಮಿಕ್ಸಿಯ ಸ್ವಿಚ್ ಹಾಕಿದ ಕ್ಷಣ ಕಟ್ಟೆಯ ಮೇಲೆ ಅದು ಒಮ್ಮೆ ಪಕ್ಕಕ್ಕೆ ಎಳೆದುಕೊಳ್ಳುತ್ತದಲ್ಲ, ಅದೇ. ಬ್ಲೇಡು ಒಂದು ಕಡೆ ತಿರುಗತೊಡಗಿದರೆ ಮಿಕ್ಸಿಯ ಮೈ ಇನ್ನೊಂದು ಕಡೆ ತಿರುಗಲು ಹವಣಿಸುತ್ತದೆ. ಅಡಿಯ ರಬ್ಬರ್ ಕಾಲುಗಳು ಕಟ್ಟೆಯನ್ನು ಕಚ್ಚಿ ಹಿಡಿದಿರುವುದರಿಂದ ಚಟ್ನಿ ಜಾರಿನಲ್ಲೇ ಉಳಿಯುತ್ತದೆ. ಗಾಳಿಯಲ್ಲಿರುವ ಬೈಕಿಗೆ ಕಚ್ಚಿ ಹಿಡಿಯಲು ಕಟ್ಟೆಯಿಲ್ಲ. ಹಾಗಾಗಿ ಥ್ರಾಟಲ್ ತಿರುವಿ ಹಿಂದಿನ ಚಕ್ರದ ವೇಗ ಹೆಚ್ಚಿಸಿದರೆ ಬೈಕಿನ ಮೈ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ, ಮೂತಿ ಮೇಲೇಳುತ್ತದೆ. ಬ್ರೇಕ್ ಒತ್ತಿದರೆ ಚಕ್ರದಲ್ಲಿದ್ದ ಮುಮ್ಮುಖ ತಿರುಗಾಟ ಪೂರ್ತಿ ಬೈಕಿಗೂ ಸವಾರನಿಗೂ ವರ್ಗವಾಗಿ ಮೂತಿ ಇಳಿಯುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಕೋನೀಯ ಸಂವೇಗದ ಸಂರಕ್ಷಣೆ ಎನ್ನುತ್ತಾರೆ. ಹೊರಗಿನಿಂದ ಯಾರೂ ತಿರುಚದಿದ್ದರೆ ತಿರುಗಾಟದ ಒಟ್ಟು ಜಮೆ ಬದಲಾಗದು. ಈ ಖಾತೆಯಿಂದ ಆ ಖಾತೆಗೆ ಹೋಗಬಹುದು, ಅಷ್ಟೆ.

ಈ ಜಮೆಗೆ ಮಿತಿಯಿದೆ. ಚಕ್ರ ಪೂರ್ತಿ ನಿಂತ ಮೇಲೆ ಮತ್ತೆ ಬ್ರೇಕ್ ಒತ್ತಿ ಫಲವಿಲ್ಲ. ಗೇರಿನಲ್ಲೇ ಚಕ್ರ ನಿಂತರೆ ಎಂಜಿನ್ ಕೂಡ ಆಫ್ ಆಗುತ್ತದೆ. ಅದಕ್ಕೇ ಪಳಗಿದವರು ಗಾಳಿಯಲ್ಲಿ ಬ್ರೇಕ್ ತಟ್ಟುವಾಗ ಕ್ಲಚ್ಚನ್ನೂ ಹಿಡಿಯುತ್ತಾರೆ.

ಭಂಗಿ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಉತ್ತರ ಇಳಿಯುವ ಜಾಗದಲ್ಲಿದೆ. ಟೇಬಲ್‌ಟಾಪ್ ಎನ್ನುವ ದಿಬ್ಬಕ್ಕೆ ಈಚೆ ಏರು, ನಡುವೆ ಚಪ್ಪಟೆ, ಆಚೆ ಇಳಿಜಾರು. ನಮ್ಮ 45 ಕಿ.ಮೀ. ಸವಾರ ಮತ್ತೆ ಅದೇ ಎತ್ತರಕ್ಕೆ ಬರುವಾಗ 30 ಡಿಗ್ರಿ ಓರೆಯಲ್ಲೇ ಕೆಳಗಿಳಿಯುತ್ತಿರುತ್ತಾನೆ. ಅಲ್ಲಿರುವ ಇಳಿಜಾರೂ ಅಷ್ಟೇ ಓರೆಯಾಗಿದ್ದು, ಬೈಕಿನ ಮೂತಿಯೂ ಅಷ್ಟೇ ತಗ್ಗಿದ್ದರೆ ಅವನು ನೆಲಕ್ಕೆ ಬೀಳುವುದಿಲ್ಲ, ನೆಲದ ಜೊತೆ ಸೇರಿಕೊಳ್ಳುತ್ತಾನೆ. ಹೊಡೆತ ಹೆಚ್ಚುಕಡಿಮೆ ಸೊನ್ನೆ. ಅದೇ ಚಪ್ಪಟೆ ನೆಲವಾದರೆ? ಗಂಟೆಗೆ 22 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೇರ ಕೆಳಕ್ಕೆ ಅಪ್ಪಳಿಸಿದಂತೆ. ಮೋಟೊಕ್ರಾಸ್ ಬೈಕಿನ ಸಸ್ಪೆನ್ಷನ್ ಸುಮಾರು 300 ಮಿ.ಮೀ. ಕುಗ್ಗಿ ಅದನ್ನು ನುಂಗಿದರೂ, ಆ ಗಳಿಗೆಯಲ್ಲಿ ಸವಾರನ ಮೈ ಸರಾಸರಿ ತನ್ನ ತೂಕದ 7-8 ಪಟ್ಟು ಭಾರ ತಾಳಬೇಕು. ನೋಡುವವರಿಗೆ ಎತ್ತರದ ಜಿಗಿತವೇ ಸಾಹಸ. ನನ್ನ ಮಟ್ಟಿಗೆ ಮೂರು ಮೀಟರ್ ಮೊದಲೇ ಚಪ್ಪಟೆಯ ಮೇಲೆ ಬಿದ್ದವನು ಎದ್ದು ನಡೆಯುವುದೇ ದೊಡ್ಡದು.

ಆ 300 ಮಿ.ಮೀ. ಮೊದಲಿನಿಂದ ಇದ್ದದ್ದಲ್ಲ. 1924ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಮೋಟೊಕ್ರಾಸಿನ ಮೂಲವಾದ ಸ್ಕ್ರ್ಯಾಂಬಲಿನ ಮೊದಲ ಪಂದ್ಯ ನಡೆದಾಗ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಿರುವುದು ಸಾಮಾನ್ಯವಾಗಿತ್ತು. ದೊಡ್ಡ ಜಿಗಿತ ತಂದುಕೊಟ್ಟವರು ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್. ಹಿಂಚಕ್ರದ ಎರಡು ಬದಿಯ ಎರಡು ಶಾಕ್ ಅಬ್ಸಾರ್ಬರ್ ತೆಗೆದು ಸೀಟು-ಟ್ಯಾಂಕಿನ ಅಡಿ ಒಂದೇ ಒಂದನ್ನು ಮಲಗಿಸಿಟ್ಟರೆ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಹೆಚ್ಚು ಜಾಗ ಸಿಗುತ್ತದೆಂದು ಅವರು ತೋರಿಸಿದರು. ಯಮಹಾ ಅದನ್ನು ತೆಗೆದುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಆ ಒಂಟಿ ಶಾಕಿನ ಬೈಕಿನಲ್ಲಿ 250 ಸಿಸಿ ವಿಶ್ವ ಕಿರೀಟ ಗೆದ್ದರು. ಇವತ್ತು ನಮ್ಮೂರಿನ ಬೈಕುಗಳಲ್ಲಿ ಕಾಣುವ ಮೊನೊಶಾಕ್ ಜನಪ್ರಿಯವಾದದ್ದು ಆ ಮಣ್ಣಿನ ಟ್ರ್ಯಾಕುಗಳಿಂದ.

ಸಸ್ಪೆನ್ಷನ್ನಿನ ಉಳಿದರ್ಧ ಸವಾರನ ಮೊಣಕಾಲಿನಲ್ಲಿದೆ. ಡರ್ಟ್ ಬೈಕಿನವರು ಹೆಚ್ಚು ಹೊತ್ತು ನಿಂತೇ ಓಡಿಸುತ್ತಾರೆ. ನಿಂತರೆ ಗುರುತ್ವ ಕೇಂದ್ರ ಕೆಳಗೆ ಬರುತ್ತದೆ ಎಂದು ಹೇಳುವವರನ್ನು ಕೇಳಿದ್ದೇನೆ. ಅದು ತಪ್ಪು, ಎದ್ದು ನಿಂತರೆ ಅದು ಮೇಲಕ್ಕೇ ಹೋಗುತ್ತದೆ. ಲಾಭವಿರುವುದು ಬೇರೆ ಕಡೆ. ಕೂತವನು ಬೈಕಿಗೆ ಬಿಗಿದ ಮೂಟೆ. ನಿಂತವನ ಕೆಳಗೆ ಬೈಕ್ ತನ್ನಷ್ಟಕ್ಕೆ ಕುಣಿಯಬಹುದು. ಮಡಿಚಿದ ಮಂಡಿ, ಮೊಣಕೈಗಳು ಅದರ ಕುಣಿತವನ್ನು ಹೊಟ್ಟೆ-ತಲೆಗಳಿಗೆ ಮುಟ್ಟಗೊಡುವುದಿಲ್ಲ. ಬಂಡಿಜಾಡಿನಲ್ಲಿ ಖಾಲಿ ಗಾಡಿಯ ಮೇಲೆ ನಿಂತು ಎತ್ತು ಹೊಡೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಮಂಡಿಗಳಿಗೆ ಕೆಲಸ ಇಮ್ಮಡಿಯಾಗಿರುತ್ತದೆ. ಬೆಳಗ್ಗೆ ನುಣ್ಣಗಿದ್ದ ತಿರುವಿನ ಮುಂದೆ ಅಲೆಅಲೆಯಾಗಿ ಉಬ್ಬುಗಳು ಎದ್ದಿರುತ್ತವೆ, ಹಳ್ಳಿಯ ಮಣ್ಣುರಸ್ತೆ ತಗಡಿನ ಶೀಟಿನಂತಾಗುವ ಹಾಗೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಜ್ಞಾನಿಗಳು ಮರಳು ಹರಡಿದ ದೊಡ್ಡ ತಟ್ಟೆಯನ್ನು ತಿರುಗಿಸಿ ಅದರ ಮೇಲೆ ಪುಟ್ಟ ಚಕ್ರ ಉರುಳಿಸಿದರು. ವೇಗ ಒಂದು ಮಿತಿ ದಾಟುತ್ತಲೇ ಅಲೆಗಳು ಎದ್ದವು; ಚಕ್ರಕ್ಕೆ ಸ್ಪ್ರಿಂಗೂ ಬೇಕಾಗಲಿಲ್ಲ. ಬೈಕುಗಳು ಓಡುವಷ್ಟು ಕಾಲ ಉಬ್ಬುಗಳು ಹುಟ್ಟುತ್ತಲೇ ಇರುತ್ತವೆ. ಟ್ರ್ಯಾಕಿನವರು ಮಣ್ಣು ಎಳೆದು, ನೀರು ಹಾಕಿ ಮತ್ತೆ ಮತ್ತೆ ಸರಿಮಾಡುತ್ತಾರೆ. ಕಣಗಳ ನಡುವಿನ ತುಸು ನೀರು ಮಣ್ಣನ್ನು ಬೆಸೆಯುತ್ತದೆ. ಒಣಗಿದರೆ ದೂಳು, ಹೆಚ್ಚಾದರೆ ಕೆಸರು.

ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿ, ಹಾಗೆ ಮಾಡಿದ ಮೊದಲ ಭಾರತೀಯ ಎನಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಪಳಗಿದ್ದೂ ಇಂಥ ಮೋಟೊಕ್ರಾಸ್ ಮಣ್ಣಿನಲ್ಲೇ. ಕೋಲಾರದ ಬಳಿ ಅವರು ಕಟ್ಟಿದ ಬಿಗ್‌ರಾಕ್ ಡರ್ಟ್ ಪಾರ್ಕ್ ಹೊಸಬರಿಗೆ ಕಲಿಸುತ್ತದೆ. ಕಲಿಯುವ ಆಸೆಯಿದ್ದರೆ ಅಂಥ ಕಡೆ ಹೋಗಿ. ಹೆಲ್ಮೆಟ್, ಬೂಟು, ಎದೆಗವಚ ಹಾಕಿ, ಮೊದಲ ದಿನ ಟೇಬಲ್‌ಟಾಪಿನ ಮೇಲೆ ಹಾರದೆ ಉರುಳಿಸಿಕೊಂಡು ಹೋಗಿ. ಮನೆಯ ಬೈಕನ್ನು ಮಾತ್ರ ಊರಾಚೆಯ ಮಣ್ಣುಗುಡ್ಡೆಗೆ ಏರಿಸಬೇಡಿ. ಅದರ ಸಸ್ಪೆನ್ಷನ್ ಕುಗ್ಗುವುದು 120 ಮಿ.ಮೀ. ಆಸುಪಾಸು. ಅದೇ 2 ಮೀಟರಿನಿಂದ ಚಪ್ಪಟೆ ನೆಲಕ್ಕೆ ಬಿದ್ದರೆ ಬೆನ್ನುಮೂಳೆಯ ಪಾಲಿಗೆ ಬರುವುದು 7-8 ಪಟ್ಟಲ್ಲ, 17-18 ಪಟ್ಟು.